ಎಲ್ಲರ ಉತ್ತರವೂ ಇಪ್ಪತ್ತೈದು

ದಾನೇಶ್ವರಿ ಆ ಸಂಜೆ ಅಳವಂಡಿಯ ಬಸ್ಸಿಳಿದು ನೇರ ನಮ್ಮ ಮನೆಗೇ ಬಂದಳು. ದಿನಾ ಮೊದಲು ಮಾಳಿಗೆಯ ಮೇಲಿನ ತನ್ನ ಬಾಡಿಗೆ ಮನೆಗೆ ಹೋಗಿ, ಮುಖ ತೊಳೆದು, ಆಮೇಲೆ ಕೆಳಗಿಳಿದು ನನ್ನ ಮಗಳು ಶಾಂಭವಿಯನ್ನು ಎತ್ತಿಕೊಳ್ಳುವವಳು. ಅಂದು ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ. ಕೂಸು ಕೈ ಚಾಚಿಕೊಂಡು ಓಡಿದರೆ ಅದರ ತಲೆಯ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟಳು.

"ಇಪ್ಪತ್ತೈದಂತ ವೈನಿ! ಎಲ್ಲಾರೂ ಇಪ್ಪತ್ತೈದು ಬರದಾರ!"

"ಏನು ಇಪ್ಪತ್ತೈದು?"

"ಒಂದು ತ್ರಿಕೋನ. ಪಾದ ಆರು, ಎತ್ತರ ನಾಕು. ಕ್ಷೇತ್ರಫಲ ಎಷ್ಟು? ನೀವs ಹೇಳ್ರಿ."

ಒಲೆಯ ಮೇಲಿನ ಹಾಲಿನ ಮೇಲೆ ಕಣ್ಣಿಟ್ಟೇ ಹೇಳಿದೆ: "ಆರ್ನಾಕ್ಲೆ ಇಪ್ಪತ್ನಾಕು, ಅದರರ್ಧ ಹನ್ನೆರಡು."

"ನೋಡ್ರಿ. ಹಾಲು ಕಾಸಾಕತ್ತೀರಿ, ಕೂಸು ಸೆರಗು ಜಗ್ಗಾಕತ್ತೈತಿ, ಆದ್ರೂ ಬಂತು. ನನ್ನ ಹುಡುಗ್ಯಾರು ಸೆಕೆಂಡ್ ಪಿಯು ಸೈನ್ಸು! ಇಡೀ ಕ್ಲಾಸಿಗೆ ಕ್ಲಾಸು ಇಪ್ಪತ್ತೈದು!"

ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು. ನನಗೆ ಮೊದಲು ನಗು ಬಂತು. ಹುಡುಗಿಯರು ಒಬ್ಬರದನ್ನೊಬ್ಬರು ನೋಡಿ ಬರೆದಿರಬೇಕು ಅಂದುಕೊಂಡೆ. ಹಾಗಲ್ಲ ಎಂದು ಅವಳು ಬಿಡಿಸಿ ಹೇಳಿದ ಮೇಲೆ ನಗು ನಿಂತಿತು.

ಅವಳು ಪಾಠ ಮಾಡುವುದು ಅಳವಂಡಿ ಕಡೆಯ ಒಂದು ಖಾಸಗಿ ಹೆಣ್ಣುಮಕ್ಕಳ ಕಾಲೇಜಿನಲ್ಲಿ. ವಿಷಯ ಕಂಪ್ಯೂಟರ್. ವೃತ್ತ, ಆಯತ, ತ್ರಿಕೋನ ಇವುಗಳ ಕ್ಷೇತ್ರಫಲ ಕಂಡುಹಿಡಿಯುವ ಸಣ್ಣ ಸಣ್ಣ ಫಂಕ್ಷನ್ ಬರೆಯುವುದು ಆ ಪಾಠದ ಮೊದಲ ಮೆಟ್ಟಿಲು. ಫಂಕ್ಷನ್ ಎಂದರೆ ಏನೂ ದೊಡ್ಡದಲ್ಲ. ಲೆಕ್ಕ ಮಾಡುವ ರೀತಿಯನ್ನು ಯಂತ್ರಕ್ಕೆ ಒಮ್ಮೆ ಹೇಳಿಕೊಟ್ಟರೆ, ಆಮೇಲೆ ಯಾವ ಅಂಕಿ ಕೊಟ್ಟರೂ ಅದು ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ವರ್ಷದ ನಡುವೆ ಅವಳು ಸೇರುವ ಮೊದಲು ಇದ್ದ ಮೇಷ್ಟ್ರು ಪ್ರತಿ ಪ್ರೋಗ್ರಾಮನ್ನೂ ಬೋರ್ಡಿನ ಮೇಲೆ ಬರೆಸಿ, ಅದರ ಕೆಳಗೆ ಒಂದು ಚೌಕ ಹಾಕಿಸಿ, ಚೌಕದೊಳಗೆ ಉತ್ತರವನ್ನೂ ಬರೆಸಿದ್ದರು. ತ್ರಿಕೋನದ್ದಕ್ಕೆ ಪಾದ ಹತ್ತು, ಎತ್ತರ ಐದು, ಉತ್ತರ ಇಪ್ಪತ್ತೈದು. ಹುಡುಗಿಯರು ಕೆಂಪು ಪೆನ್ನಿನಿಂದ ಚೌಕ ತಿದ್ದಿ, ಪ್ರೋಗ್ರಾಮು ಉತ್ತರ ಎರಡನ್ನೂ ಒಂದೇ ಉಸಿರಿನಲ್ಲಿ ಬಾಯಿಪಾಠ ಮಾಡಿದ್ದರು. ತ್ರಿಕೋನದ ಪ್ರೋಗ್ರಾಮಿನ ಉತ್ತರ ಇಪ್ಪತ್ತೈದು. ಅಷ್ಟೇ. ಅಂಕಿ ಬದಲಾದರೆ ಉತ್ತರ ಬದಲಾಗುತ್ತದೆಂದು ಅವರಿಗೆ ಯಾರೂ ತೋರಿಸಿರಲಿಲ್ಲ. ಗಣಿತದ ತಾಸಿನಲ್ಲಿ ಅದೇ ಹುಡುಗಿಯರು ಹನ್ನೆರಡು ಎನ್ನುತ್ತಾರೆ. ಕಂಪ್ಯೂಟರ್ ತಾಸಿನಲ್ಲಿ ಇಪ್ಪತ್ತೈದು.

"ಮಷೀನಿನ ಮುಂದ ಕೂಡ್ರಿಸಿ ತೋರಿಸಿಬಿಡೋದಪ್ಪ ಒಂದ್ ಸಲ" ಎಂದೆ.

"ಮಷೀನು!" ಎಂದು ಅವಳು ನನ್ನನ್ನೇ ಗದರಿದಳು. "ಮಷೀನು ಎಲ್ಲೈತಿ ವೈನಿ? ಅಲ್ಲಿರೋದು ದೇವರ ಕ್ವಾಣಿ!"

ಆ ಕೋಣೆಯನ್ನು ನಾನು ಕಂಡಿದ್ದೇನೆ. ಕಾಲೇಜಿನ ವಾರ್ಷಿಕೋತ್ಸವಕ್ಕೆ ದಾನೇಶ್ವರಿ ನನ್ನನ್ನೂ ಕೂಸನ್ನೂ ಕರೆದುಕೊಂಡು ಹೋಗಿದ್ದಳು. ಯಾವುದೋ ಕಾರ್ಖಾನೆಯವರು ದಾನ ಕೊಟ್ಟ ಕಂಪ್ಯೂಟರುಗಳು ಗೋಡೆಗುಂಟ ಸಾಲಾಗಿದ್ದವು. ಪ್ರತಿಯೊಂದಕ್ಕೂ ಹಳೆಯ ರೇಷ್ಮೆ ಸೀರೆ ಹರಿದು ಹೊಲಿದ ಹೊದಿಕೆಯ ಗೌಸಣಿಗೆ, ಅಂಚಿಗೆ ಜರಿ. ನೆತ್ತಿಯ ಮೇಲೆ ವಿಭೂತಿ, ಕುಂಕುಮ. ಚಪ್ಪಲಿ ಹೊರಗೆ ಬಿಡಬೇಕು. ಆಯುಧಪೂಜೆಗೆ ಬೂದುಗುಂಬಳ ಒಡೆಯುವುದು, ಹೊರಗಿನವರು ಬಂದಾಗ ಬಾಗಿಲು ತೆರೆದು ತೋರಿಸುವುದು, ಮತ್ತೆ ಬೀಗ. ಬೀಗದ ಕೈ ಪ್ರಿನ್ಸಿಪಾಲ್ ಪ್ರಭುರಾಜ ಅವರ ಸೊಂಟದ ಉಡಿದಾರದಲ್ಲಿ. ನನ್ನ ಮಗಳು ಜರಿ ಕಂಡು ಕೈ ಹಾಕಲು ಹೋದಾಗ "ಏ, ಏ, ಮುಟ್ಟಬಾರ್ದವ್ವ, ಧೂಳಾಗ್ತತಿ" ಎಂದು ಅವರೇ ಓಡಿ ಬಂದಿದ್ದರು. ಕೂಸಿನ ಕೈಯನ್ನು ನಾನು ಆಗಷ್ಟೇ ತೊಳೆದಿದ್ದೆ.

ದಾನೇಶ್ವರಿಗೆ ಈ ಮುಟ್ಟಬಾರದು ಎನ್ನುವ ಮಾತೆಂದರೆ ಮೈಯೆಲ್ಲ ಉರಿ. ಕುಷ್ಟಗಿಯ ಕಿರಾಣಿ ಅಂಗಡಿಯವರ ಮಗಳು ಅವಳು. ಅಂಗಡಿಗೆ ಕಂಪ್ಯೂಟರ್ ಬಂದಾಗ ಅದು ಅಣ್ಣನಿಗೆ ಮಾತ್ರ. ಇವಳು ಬಾಗಿಲಲ್ಲಿ ನಿಂತು ನೋಡಬಹುದು. ಅಣ್ಣ ಊಟಕ್ಕೆ ಹೋದಾಗ ಕುರ್ಚಿ ಏರಿ ಕೂತು ಒಂದೊಂದೇ ಗುಂಡಿ ಒತ್ತಿ ನೋಡಿದಳು. ಕೆಡಿಸಿದಳು, ಬೈಸಿಕೊಂಡಳು, ಸರಿ ಮಾಡಿದಳು. ಕೊನೆಗೆ ಅಣ್ಣನ ಲೆಕ್ಕ ತಪ್ಪಿದಾಗಲೆಲ್ಲ ಅಪ್ಪ ಒಳಗಿನಿಂದ ಇವಳನ್ನೇ ಕೂಗುವಂತಾಯಿತು. ಕೊಪ್ಪಳದಲ್ಲಿ ಬಿಸಿಎ ಮಾಡಿದ್ದು, ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಸಿದ್ದಲಿಂಗೇಶನನ್ನು ಮದುವೆಯಾಗಿದ್ದು, ನಮ್ಮ ಮೇಲಿನ ಮನೆಗೆ ಬಂದದ್ದು ಎಲ್ಲ ಆಮೇಲಿನ ಮಾತು. ಸಿದ್ದಲಿಂಗೇಶ ಹಗಲೆಲ್ಲ ಮಲಗುವವನು. ಹೆಂಡತಿಯ ಸಿಟ್ಟಿನ ದನಿ ಕೇಳಿದರೆ ಕಂಬಳಿ ತಲೆ ಮೇಲೆ ಎಳೆದುಕೊಳ್ಳುವುದು ಅವನ ಪದ್ಧತಿ. ಕೆಟ್ಟವನಲ್ಲ. ನಿದ್ದೆ ಬೇಕು ಅವನಿಗೆ.

ಮರುದಿನ ಅವಳು ಪಾಠದ ರೀತಿಯನ್ನೇ ಬದಲಿಸಿದಳು. ಬೋರ್ಡು ಒರೆಸಿ, ಹುಲಗೆಮ್ಮ ಎಂಬ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದಳು. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಾಯಿಪಾಠ ಒಪ್ಪಿಸುವವಳು ಅವಳೇ.

"ಹುಲಗೆಮ್ಮ, ನೀ ಈಗ ಹಿಟ್ಟಿನ ಗಿರಣಿ. ಜ್ವಾಳ ಹಾಕಿದ್ರ ಏನ್ ಬರ್ತೈತಿ?"

"ಜ್ವಾಳದ ಹಿಟ್ರಿ ಮೇಡಂ."

"ಗೋದಿ ಹಾಕಿದ್ರ?"

"ಗೋದಿ ಹಿಟ್ರಿ."

"ಮತ್ತ ನಿನ್ನೆ ನಾ ಗೋದಿ ಕೊಟ್ಟು ಕಳಿಸಿದ್ರ ಯಾಕ ಜ್ವಾಳದ ಹಿಟ್ಟು ತಂದಿ?"

ಹುಡುಗಿಯರೆಲ್ಲ ಕಿಸಕ್ಕೆಂದರು. ಹುಲಗೆಮ್ಮ ನಗಲಿಲ್ಲ. "ಪರೀಕ್ಷಾದಾಗ ಹತ್ತು-ಐದs ಬರ್ತೈತ್ರಿ ಮೇಡಂ. ಆರು-ನಾಕು ಬರಂಗಿಲ್ರಿ. ಹ್ವಾದ ವರ್ಷದ ಅಕ್ಕಾರು ಹೇಳ್ಯಾರ" ಎಂದಳು.

ಹುಡುಗಿ ಹೇಳಿದ್ದು ನಿಜವಾಗಿತ್ತು.

ಆಮೇಲಿಂದ ಅವಳು ಬೀಗದ ಕೈ ಕೇಳಲು ಶುರುಮಾಡಿದಳು. ಪ್ರಭುರಾಜ ಅವರು ಒಳ್ಳೆಯ ಮಾತಿನ ಮನುಷ್ಯ, ಬೈಯುವವರಲ್ಲ. ಅದೇ ದೊಡ್ಡ ತೊಂದರೆ. ಬೈದರೆ ಎದುರು ಬೈಯಬಹುದು. ಇವರು ಚಹಾ ತರಿಸುತ್ತಾರೆ. "ಕೂಡ್ರವ್ವ ದಾನೇಶ್ವರಿ. ನೀ ನನ್ನ ಮಗಳಿದ್ದಂಗ. ಕರೆಂಟು ನೋಡು, ಮ್ಯಾಲ ಕೆಳಗ ಆಗ್ತತಿ. ಮಂದಿ ಹುಡುಗ್ಯಾರು, ಕೈಯಾಗ ಎಣ್ಣಿ, ತಲ್ಯಾಗ ಎಣ್ಣಿ. ಒಂದ್ ಕೆಟ್ರ ಯಾರ್ ಕೊಡ್ತಾರ?" ಇನ್ನೊಂದು ದಿನ ವೈರಸ್ಸಿನ ಮಾತು. ಮತ್ತೊಂದು ದಿನ ಅಮಾವಾಸ್ಯೆ.

ಪ್ರತಿ ಸಂಜೆ ಇವಳು ಬಂದು ನನ್ನ ಅಡುಗೆಮನೆಯಲ್ಲಿ ಅದೆಲ್ಲವನ್ನೂ ಅವರದೇ ದನಿಯಲ್ಲಿ ಆಡಿ ತೋರಿಸುವಳು. ಶಾಂಭವಿ ಚಪ್ಪಾಳೆ ತಟ್ಟುವಳು. ನಾನು ಮನೆಗೆಲಸದ ನಡುವೆಯೇ ನನಗೆ ತೋಚಿದ್ದು ಹೇಳಿದೆ: "ನಿನ್ನ ಸ್ವಂತ ಲ್ಯಾಪ್‌ಟಾಪ್ ಒಯ್ಯಿ." ಒಯ್ದಳು. ಎರಡು ದಿನ ನಡೆಯಿತು. ಮೂರನೆಯ ದಿನ ಅದಕ್ಕೂ ಚಹಾ ಬಂತು: "ಹೊರಗಿನ ಸಾಮಾನು ಕಾಲೇಜಿನಾಗ ಬ್ಯಾಡವ್ವ. ಏನರ ಕಳುವಾದ್ರ ನನ್ನ ಹೆಸರು."

ಪ್ರಾಯೋಗಿಕ ಪರೀಕ್ಷೆಗೆ ವಾರವಿರುವಾಗ ಅವಳಿಗೆ ಉಳಿದ ಕಥೆ ತಿಳಿಯಿತು. ಅವಳ ಮನಸ್ಸಿನಲ್ಲಿ ಇದ್ದದ್ದು ಇಷ್ಟು: ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಬರುತ್ತಾರೆ, ಹುಡುಗಿಯರನ್ನು ಕಂಪ್ಯೂಟರಿನ ಮುಂದೆ ಕೂರಿಸಲೇಬೇಕು, ಅಲ್ಲಿ ಎಲ್ಲ ಬಯಲಾಗುತ್ತದೆ. ಪ್ರಭುರಾಜ ಅವರು ನಕ್ಕರಂತೆ. "ಅಯ್ಯ ಹುಚ್ಚಿ, ಅದ್ಯಾವ ಕಾಲಕ್ಕೆ? ಪರೀಕ್ಷಕರು ಬರ್ತಾರ, ಹುಡುಗ್ಯಾರು ಹಾಳ್ಯಾಗ ಪ್ರೋಗ್ರಾಂ ಬರೀತಾರ, ನಮ್ಮ ಮನ್ಯಾಗ ಹೋಳಿಗಿ ಊಟ, ಪಟ್ಟಿಮ್ಯಾಗ ನೀ ಒಂದ್ ಸಹಿ, ಅವರೊಂದ್ ಸಹಿ. ಎಲ್ಲಾರ್ಗೂ ಪೂರಾ ಮಾರ್ಕ್ಸ್. ಇಲ್ಲಿತನ ಒಂದ್ ಹುಡುಗಿ ಫೇಲಾಗಿಲ್ಲ ನಮ್ಮಲ್ಲಿ."

ಆ ದಿನ ಅವಳು ನಮ್ಮ ಮನೆಗೆ ಬಂದಾಗ ಕೂಗಾಡಲಿಲ್ಲ. ನೀರು ಕೇಳಿದಳು. ಕುಡಿದು ಲೋಟ ಕೆಳಗಿಡಲೂ ಮರೆತು ಕೂತಳು.

"ವೈನಿ, ಫೇಲ್ ಮಾಡಿದ್ರ ನಾ ಜಗಳಾಡ್ತಿದ್ದೆ. ಪಾಸ್ ಮಾಡ್ತಾರಲ್ರಿ, ಪೂರಾ ಮಾರ್ಕ್ಸ್ ಕೊಟ್ಟು! ನಾಳೆ ಎಲ್ಲೆರ ಕೆಲಸಕ್ಕ ಹ್ವಾದಾಗ, ಯಾರರ ಕುರ್ಚಿ ಕೊಟ್ಟು ಕೂಡ್ರಿಸಿದಾಗ, ಆ ಹುಡುಗಿಗೆ ಪವರ್ ಬಟನ್ ಎಲ್ಲೈತಿ ಅನ್ನೋದು ಗೊತ್ತಿರಂಗಿಲ್ಲ. ಆಗ ಆಕಿ ಏನಂದ್ಕೋತಾಳ ಗೊತ್ತೇನ್ರಿ? ನಾನs ದಡ್ಡಿ ಅಂದ್ಕೋತಾಳ."

ನನಗೊಬ್ಬ ಮಗಳಿದ್ದಾಳೆ. ಅವಳಿಗೂ ಯಾರೋ ಒಳ್ಳೆಯ ಮಾತಿನವರು ಚಹಾ ಕುಡಿಯುತ್ತ ಪೂರಾ ಮಾರ್ಕ್ಸ್ ಕೊಟ್ಟು, ಕೈಗೆ ಏನೂ ಕೊಡದೆ ಕಳಿಸುತ್ತಾರೇನೋ. ಮೋಸ ಹೋದೆನೆಂದು ತಿಳಿಯದ ಹಾಗೆ ಮೋಸ ಮಾಡುವುದು ಇದು. ಅಪ್ಪ ಅಮ್ಮ ಪೇಢೆ ಹಂಚುತ್ತಾರೆ.

"ನಾ ಸಹಿ ಮಾಡಂಗಿಲ್ಲ" ಎಂದಳು ದಾನೇಶ್ವರಿ.

"ಕೆಲಸ ಹೋಗ್ತದ" ಎಂದೆ. ಯಾರಾದರೂ ಹೇಳಬೇಕಿತ್ತು. ಅತಿಥಿ ಉಪನ್ಯಾಸಕಿ ಅವಳು. ಜೂನ್ ಬಂದರೆ ಮತ್ತೆ ಕರೆಯಬಹುದು, ಕರೆಯದೆಯೂ ಇರಬಹುದು.

"ಹೋಗ್ಲಿ ಬಿಡ್ರಿ. ಹುಡುಗ್ಯಾರನ್ನ ಮುಟ್ಟಗೊಡಲಿ. ಒಂದೊಂದು ಫಂಕ್ಷನ್ ಅವರs ಬರದು, ಅವರs ಓಡಿಸಲಿ. ಬಂದಷ್ಟು ಮಾರ್ಕ್ಸ್. ಆಗ ಸಹಿ."

ಸುದ್ದಿ ಅಳವಂಡಿಯಲ್ಲಿ ಹರಡಲು ಎಷ್ಟು ಹೊತ್ತು? ಮೇಡಂ ಹುಡುಗಿಯರ ಮಾರ್ಕ್ಸ್ ಕಳೆಯುತ್ತಾಳಂತೆ ಎಂದಾಯಿತು. ಭಾನುವಾರ ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಇಬ್ಬರು ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ಒಬ್ಬಳು ಹುಲಗೆಮ್ಮ. ಇನ್ನೊಬ್ಬಳು ಅವಳ ತಾಯಿ ಯಂಕವ್ವ, ಬೀಜದ ಹತ್ತಿ ಹೊಲದಲ್ಲಿ ಹೂವಿಗೆ ಹೂ ಮುಟ್ಟಿಸುವ ಕೆಲಸಕ್ಕೆ ಹೋಗುವವಳು. ದಾನೇಶ್ವರಿಯನ್ನು ಕೆಳಗೆ ಕರೆದೆ.

ಯಂಕವ್ವ ಎದ್ದು ನಿಂತು ಕೈಮುಗಿದಳು. ಮುಗಿದ ಕೈ ಇಳಿಸುವ ಮೊದಲೇ ಜಗಳ ಶುರು. "ಯವ್ವಾ, ನಿನಗ ನನ್ನ ಮಗಳು ಏನ್ ಮಾಡ್ಯಾಳ? ಕೊಡೋರು ಕೊಡಾಕತ್ಯಾರ, ನಡುವ ನಿಂದೇನು?"

"ಯಂಕವ್ವಾರ, ಬರದs ಮಾರ್ಕ್ಸ್ ತಗೊಂಡು ಏನ್ ಮಾಡ್ತಾಳ್ರಿ?"

"ಹಾಸ್ಟೆಲ್ ಸೀಟ್ ತಗೋತಾಳ! ಮಾರ್ಕ್ಸ್ ನೋಡಿ ಸೀಟ್ ಕೊಡ್ತಾರವ್ವ, ಬರ್ತೈತೋ ಬರಂಗಿಲ್ಲೋ ಯಾರ್ ಕೇಳ್ತಾರ? ಸೀಟ್ ಸಿಗಲಿಲ್ಲಂದ್ರ ನಾಳಿಂದ ನನ್ನ ಕೂಡ ಹೊಲಕ್ಕ. ನೀ ಪಗಾರ ತಗೊಂಡು ಶಾಣ್ಯಾ ಮಾತಾಡ್ತಿ."

ಹುಲಗೆಮ್ಮ ತಲೆ ತಗ್ಗಿಸಿ ನಿಂತಿದ್ದಳು. ದಾನೇಶ್ವರಿ ಅವಳ ಕಡೆ ತಿರುಗಿದಳು. "ನೀ ಹೇಳು. ನಿನಗ ಕಲಿಯೋದು ಬ್ಯಾಡೇನ?"

ಹುಡುಗಿ ತಲೆಯೆತ್ತಿದಾಗ ಕಣ್ಣಲ್ಲಿ ನೀರಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಬೇಕ್ರಿ. ಜೂನ್‌ದಾಗs ಬೇಕಿತ್ರಿ. ಆಗ ಕೀಲಿ ತೆಗೀಲಿಲ್ಲ, ಈಗ ಪರೀಕ್ಷಾದ ದಿನ ಕೂಡ್ರು ಅಂತೀರಿ. ಅವರ ಮ್ಯಾಲಿನ ಸಿಟ್ಟು ನಮ್ಮ ಮ್ಯಾಲ ಯಾಕ್ರಿ? ಸಹಿ ಮಾಡ್ರಿ ಮೇಡಂ."

ಅವರು ಹೋದ ಮೇಲೆ ದಾನೇಶ್ವರಿ ಮೆಟ್ಟಿಲ ಮೇಲೆ ಕೂತಳು. ಹುಡುಗಿ ಹೇಳಿದ್ದರಲ್ಲಿ ಸುಳ್ಳು ಎಲ್ಲಿತ್ತು? ಕೂಸನ್ನು ಅವಳ ತೊಡೆಯ ಮೇಲೆ ಕೂರಿಸಿ ಒಳಗೆ ಹೋಗಿ ಉಪ್ಪಿಟ್ಟಿಗೆ ಇಟ್ಟೆ. ತಿರುಗಿ ಬಂದಾಗ ಅವಳು ಫೋನಿನಲ್ಲಿದ್ದಳು. ಪ್ರಭುರಾಜ ಅವರಿಗೆ ಹೇಳುತ್ತಿದ್ದಳು: "ಪರೀಕ್ಷಾದ ದಿನ ಅಲ್ರಿ ಸರ. ನಾಳಿಂದs. ಪರೀಕ್ಷಾದತನ ದಿನಾ ಮುಂಜಾನಿಂದ ಸಂಜಿತನ ಕೀಲಿ ತೆಗದಿರಬೇಕು. ಇಲ್ಲಂದ್ರ ಪಟ್ಟಿಮ್ಯಾಗ ನನ್ನ ಸಹಿ ಇಲ್ಲ. ಯಾಕಿಲ್ಲ ಅಂತ ಕೇಳಿದೋರಿಗೆ ನಾನs ಹೇಳ್ತೀನಿ... ಇಲ್ರಿ, ಚಹಾ ಬ್ಯಾಡ್ರಿ."

ಸೋಮವಾರ ಕೀಲಿ ತೆಗೆದರು. ಅವಳ ಮೇಲಿನ ಪ್ರೀತಿಗಲ್ಲ, ಪಟ್ಟಿ ನಿಂತುಹೋದರೆ ಎಲ್ಲರೂ ಫೇಲಾಗುತ್ತಾರೆಂಬ ಭಯಕ್ಕೆ. ಜರಿಯಂಚಿನ ಗೌಸಣಿಗೆಗಳನ್ನು ಒಂದೊಂದೇ ತೆಗೆದಾಗ ಇಲಿಯ ಹಿಕ್ಕೆ ಉದುರಿತಂತೆ. ಕತ್ತಲು, ಮೆತ್ತನೆಯ ರೇಷ್ಮೆ, ಯಾರ ಕೈಯೂ ತಾಗದ ಜಾಗ. ಇಲಿಗಳಿಗೆ ಇನ್ನೇನು ಬೇಕು? ಒಳಗಿನ ವೈರುಗಳನ್ನೆಲ್ಲ ಕಡಿದು ಮರಿ ಹಾಕಿದ್ದವು. ಧೂಳಾಗುತ್ತದೆಂದು ಹೆಣ್ಣುಮಕ್ಕಳನ್ನು ಹೊರಗಿಟ್ಟು ಇಲಿಗಳಿಗೆ ಬಾಣಂತಿಕೋಣೆ ಮಾಡಿಕೊಟ್ಟಿದ್ದರು. ನನಗೆ ಇದನ್ನು ಹೇಳುವಾಗ ದಾನೇಶ್ವರಿ ನಗಬಹುದಿತ್ತು. ನಗಲಿಲ್ಲ. ಹಲ್ಲು ಕಚ್ಚಿಕೊಂಡೇ ಹೇಳಿದಳು.

ಸಾಲಿನಲ್ಲಿ ಮೂರು ಮಾತ್ರ ಚಾಲೂ ಆದವು. ಆ ಮೂರರ ಮುಂದೆ ಹುಡುಗಿಯರು ಪಾಳಿ ಹಚ್ಚಿದರು. ಇಲಿಯನ್ನು ಹಿಡಿಯುವಂತೆ ಮೌಸ್ ಹಿಡಿದರು. ಒಬ್ಬಳು ಅಕ್ಷರ ಹುಡುಕುವಷ್ಟರಲ್ಲಿ ಉಳಿದವರು ಹಿಂದಿನಿಂದ "ಎಡಕ್ಕ, ಏ ಎಡಕ್ಕಲೇ!" ಎಂದು ಕೂಗುವುದು. ಬಾಯಿಪಾಠದ ಪ್ರೋಗ್ರಾಮು ಬೆರಳಿಗೆ ಇಳಿಯುವಾಗ ಸಾಲು ಸಾಲೂ ತಪ್ಪಿತು. ಕೆಂಪಕ್ಷರದಲ್ಲಿ ತಪ್ಪು ಬಂದಾಗ ಒಬ್ಬ ಹುಡುಗಿ ಕಂಪ್ಯೂಟರ್ ಕೆಟ್ಟಿತೆಂದು ಅಳುತ್ತ ಹೊರಗೆ ಓಡಿದಳು. ದಾನೇಶ್ವರಿ ಅವಳನ್ನು ರಟ್ಟೆ ಹಿಡಿದು ತಂದು ಕೂರಿಸಿ, "ಅದು ಬೈಯಾಕತ್ತಿಲ್ಲವ್ವ, ಎಲ್ಲಿ ತಪ್ಪೈತಿ ಅಂತ ಹೇಳಾಕತ್ತೈತಿ. ನಮ್ಮ ಮಂದಿಗಿಂತ ಛಲೋ ಐತದು" ಎಂದಳಂತೆ.

ಪರೀಕ್ಷೆಗೆ ಬಂದ ಗೋವಿಂದರಾಜ ಎಂಬ ಪರೀಕ್ಷಕರಿಗೆ ಇದೊಂದೂ ಗೊತ್ತಿರಲಿಲ್ಲ. ಯಲಬುರ್ಗಾ ಕಡೆಯಿಂದ ಬಂದವರು. ಹೋಳಿಗೆಯ ಸುದ್ದಿ ಮೊದಲೇ ತಿಳಿದಿದ್ದರಿಂದ ಬೆಳಿಗ್ಗೆ ನಾಷ್ಟಾ ಮಾಡದೆ ಬಂದಿದ್ದರು. ಕೋಣೆ ತೆರೆದದ್ದು ಕಂಡು, "ಇದೇನ್ರಿ ಮೇಡಂ, ಹೊಸಾ ಪದ್ಧತಿ?" ಎಂದರು.

"ಹಳೇ ಪದ್ಧತಿ ಸರ. ಪ್ರಾಯೋಗಿಕ ಪರೀಕ್ಷೆ ಅಂತಾರ ಇದಕ್ಕ."

ಒಬ್ಬೊಬ್ಬಳಿಗೆ ಒಂದು ಆಕಾರ, ಬೇರೆ ಬೇರೆ ಅಂಕಿ. ಸಂಜೆಯಾಯಿತು. ಹೋಳಿಗೆ ಆರಿಹೋಯಿತು. ಗೋವಿಂದರಾಜರು ಬಾಳೆಹಣ್ಣು ತಿಂದು, ಕೈಗಡಿಯಾರ ನೋಡಿಕೊಂಡು, ಕಡೆಕಡೆಗೆ ತಾವೇ ಹುಡುಗಿಯರ ಹಿಂದೆ ನಿಂತು ಬಗ್ಗಿ ನೋಡತೊಡಗಿದರು.

ಹುಲಗೆಮ್ಮನಿಗೆ ಆಯತ ಬಂದಿತ್ತು. ಸುಲಭದ್ದು. ಉದ್ದ ಗುಣಿಸು ಅಗಲ. ಬರೆದಳು, ಓಡಿಸಿದಳು, ಉತ್ತರ ಬಂತು. ಅವಳು ಏಳಲಿಲ್ಲ. ಅಂಕಿ ಬದಲಿಸಿ ಮತ್ತೆ ಓಡಿಸಿದಳು. ಮತ್ತೆ ಬದಲಿಸಿದಳು. ಹಿಂದಿನವಳು "ಏಳs ಹುಲಗಿ, ನಂದೈತಿ" ಎಂದು ಬೆನ್ನು ಗುದ್ದಿದರೂ ಏಳಲಿಲ್ಲ. ನಂತರ ಕೇಳಿದ ಮೌಖಿಕ ಪ್ರಶ್ನೆಗಳಿಗೆ ಅವಳಿಗೆ ಉತ್ತರ ಬರಲಿಲ್ಲ. ವೃತ್ತದ ಫಂಕ್ಷನ್ ಹಾಳೆಯ ಮೇಲೆ ಬರೆ ಎಂದಾಗ ಅರ್ಧಕ್ಕೆ ನಿಂತಳು. ದಾನೇಶ್ವರಿ ಬಂದಷ್ಟಕ್ಕೆ ಮಾರ್ಕ್ಸ್ ಕೊಟ್ಟಳು, ಎಲ್ಲರಿಗೂ ಹಾಗೇ ಕೊಟ್ಟಳು. ಯಾರೂ ಫೇಲಾಗಲಿಲ್ಲ. ಪೂರಾ ಮಾರ್ಕ್ಸ್ ಯಾರಿಗೂ ಬರಲಿಲ್ಲ. ಗೋವಿಂದರಾಜರು ಪೆನ್ನು ತೆಗೆದು, "ನೀವು ನನ್ನ ಹೋಳಿಗಿ ಕಳದ್ರಿ ಮೇಡಂ" ಎಂದು ಸಹಿ ಹಾಕಿದರು. ಇವಳೂ ಹಾಕಿದಳು.

ಹುಲಗೆಮ್ಮನಿಗೆ ಕೊಪ್ಪಳದ ಹಾಸ್ಟೆಲ್ ಸೀಟು ಮೊದಲ ಪಟ್ಟಿಯಲ್ಲಿ ಸಿಗಲಿಲ್ಲ. ಪೂರಾ ಮಾರ್ಕ್ಸ್ ಇದ್ದಿದ್ದರೆ ಸಿಗುತ್ತಿತ್ತು. ಇದನ್ನು ಮುಚ್ಚಿಡುವುದಿಲ್ಲ. ಬೇರೆ ಕಾಲೇಜುಗಳಲ್ಲಿ ಹಾಳೆಯ ಮೇಲೆ ಬರೆದು ಪೂರಾ ಪಡೆದವರು ಪಟ್ಟಿಯಲ್ಲಿ ಹುಲಗೆಮ್ಮನಿಗಿಂತ ಮೇಲೆ ಹೋದರು. ದಾನೇಶ್ವರಿಯನ್ನು ಜೂನ್‌ನಲ್ಲಿ ಕರೆಯಲಿಲ್ಲ. ಬೇರೆಯವರನ್ನು ತೆಗೆದುಕೊಂಡಿದ್ದೇವೆ, ನೀ ನನ್ನ ಮಗಳಿದ್ದಂತೆ, ಬೇಸರ ಮಾಡಿಕೊಳ್ಳಬೇಡ ಎಂದು ಪ್ರಭುರಾಜ ಅವರೇ ಫೋನ್ ಮಾಡಿದ್ದರು. ದಾನೇಶ್ವರಿ ಹುಲಗೆಮ್ಮನ ಸೀಟಿಗಾಗಿ ಆ ಹಾಸ್ಟೆಲ್ಲಿಗೆ ಮೂರು ಸಲ ನಡೆದು, ಅರ್ಜಿ ಮೇಲೆ ಅರ್ಜಿ ಕೊಟ್ಟು, ಗುಮಾಸ್ತನ ಮುಂದೆ ಕೂಗಾಡಿ ಬಂದಳು. ಎರಡನೆಯ ಪಟ್ಟಿ ಇನ್ನೂ ಹಚ್ಚಿಲ್ಲ. ದಾನೇಶ್ವರಿ ಈಗ ಹಗಲು ಯಾವುದೋ ಗೊಬ್ಬರದ ಅಂಗಡಿಯಲ್ಲಿ ಬಿಲ್ ಹೊಡೆಯುತ್ತಾಳೆ. ನಾನು ತಪ್ಪು ಮಾಡಿದೆನೇ ಎಂದು ಒಂದು ದಿನವೂ ನನ್ನನ್ನು ಕೇಳಿಲ್ಲ. ಕೇಳಿದರೆ ಏನು ಹೇಳಬೇಕೆಂದು ನನಗೂ ಗೊತ್ತಿಲ್ಲ. ತಪ್ಪು ಯಾರದೆಂಬುದು ಮಾತ್ರ ಗೊತ್ತು, ಅವರು ಈಗಲೂ ಚಹಾ ಕುಡಿಯುತ್ತಿದ್ದಾರೆ.

ನಿನ್ನೆ ಸಂಜೆ ಅವಳು ನನ್ನ ಪಕ್ಕದಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಾಗ ಫೋನ್ ಬಂತು. ಕೈ ಹಸಿಯಾಗಿತ್ತೆಂದು ಸ್ಪೀಕರ್ ಹಚ್ಚಿದಳು. ನಮಸ್ಕಾರವಿಲ್ಲ, ಹೇಗಿದ್ದೀರಿ ಎಂದಿಲ್ಲ.

"ನಾ ಹುಲಗೆಮ್ಮ. ನಿಮ್ಮಿಂದ ನಮ್ಮವ್ವ ಇನ್ನೂ ನನ್ನ ಕೂಡ ಸರಿಯಾಗಿ ಮಾತಾಡವಲ್ಲಳ್ರಿ."

"ಹೂಂ. ಅದಕ್ಕ ಬೈಯಾಕ ಫೋನ್ ಮಾಡಿಯೇನ?"

"ಬೈಯಾಕೂ ಹೌದ್ರಿ. ಅಣ್ಣನ ಫೋನಿನಾಗ ಹತ್ತಿ ಹೊಲದ ಕ್ಷೇತ್ರಫಲದ ಫಂಕ್ಷನ್ ಬರಿಯಾಕತ್ತೀನ್ರಿ. ನಮ್ಮವ್ವ ಹೋಗೋ ಹೊಲ. ಎದುರುಬದುರಿನ ಬದಿ ಒಂದs ಅಳತಿ ಇಲ್ರಿ ಅದು, ಸೊಟ್ಟ ಐತಿ. ಆಯತದ್ದು ಹಾಕಿದ್ರ ಜಾಸ್ತಿ ತೋರಸ್ತೈತಿ. ಹ್ಯಾಂಗ್ ಮಾಡ್ಲಿ?"

"ನಡುವ ಒಂದ್ ಗೆರಿ ಎಳಿ. ಮೂಲಿಯಿಂದ ಮೂಲಿಗೆ. ಎರಡು ತ್ರಿಕೋನ ಆಗ್ತಾವ."

"ಅದು ಗೊತ್ತೈತ್ರಿ. ಎತ್ತರ ಎಲ್ಲಿಂದ ತರ್ಲಿ? ಹೊಲದಾಗ ಎತ್ತರ ಯಾರ್ ಅಳೀತಾರ? ಬದಿ ಅಷ್ಟs ಗೊತ್ತೈತಿ ನನಗ."

ದಾನೇಶ್ವರಿ ಸೊಪ್ಪನ್ನು ಕೆಳಗಿಟ್ಟಳು. "ಮೂರು ಬದಿ ಗೊತ್ತಿದ್ರ ಎತ್ತರ ಬ್ಯಾಡ, ಅದಕ್ಕ ಬ್ಯಾರೆ ಸೂತ್ರ ಐತಿ. ಬರ್ಕೋ. ಆ ನಡುವಿನ ಗೆರಿ ಅಳದೀಯೇನ ಮದ್ಲು?"

"ಇಲ್ರಿ."

"ಅಳೀದs ಲೆಕ್ಕಕ್ಕ ಕುಂತೀಯೇನ? ಎಂಥಾ ಹುಡುಗಿ ನೀ! ನಾಳೆ ಹೋಗು, ಅಳಿ, ಆಮ್ಯಾಲ ಫೋನ್ ಮಾಡು!"

"ನೀವ್ಯಾಕ ಒದರ್ತೀರಿ? ನಾ ಏನ್ ನಿಮ್ಮ ಕಾಲೇಜಿನ್ಯಾಕಿ ಈಗ?" ಎಂದು ಆಕಡೆಯಿಂದ ಇನ್ನೂ ಜೋರಾಗಿ ಬಂತು. "ನಾಳೆ ನಮ್ಮವ್ವನ ಕೂಡ ಹೋಗಿ ಅಳೀತೀನಿ. ನೀವು ಫೋನ್ ಎತ್ರಿ ಮತ್ತ!"